ಹಾಳೂರು ಮತ್ತು ಐತಿಹ್ಯ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಪ್ರದೇಶದ ಒಂದು ಅಧ್ಯಯನ

ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲೆ ಹೊಳೆಗಳು ಕೊಡಗು-ವಯನಾಡಿನ ಮಲೆಗಳನ್ನು ಇಳಿದು ಬಯಲನ್ನು ಸೇರುವ ನೆಲವೇ ಮೈಸೂರು ಜಿಲ್ಲೆಯ ಪಶ್ಚಿಮ ಭಾಗ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಈ ಭಾಗದಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಸಾಲಿಗ್ರಾಮ ಮತ್ತು ಸರಗೂರು ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಪ್ರಸ್ತುತ ಲೇಖನದಲ್ಲಿ ಹಿಂದಿನ ಎಲ್ಲೆಗಳನ್ನೇ ಅನುಸರಿಸಲಾಗಿದೆ. ಮಲೆ ಮತ್ತು ಬಯಲುಗಳ ನಡುವಿನ ದಾರಿಯಾಗಿದ್ದ ಈ ಪ್ರದೇಶ ಪುನ್ನಾಟರು, ಗಂಗರು, ಚೋಳರು, ಚಂಗಾಳ್ವರು, ಹೊಯ್ಸಳರು, ವಿಜಯನಗರದವರು ಮತ್ತು ಮೈಸೂರಿನ ಒಡೆಯರ ಆಳ್ವಿಕೆಯನ್ನು ಕಂಡಿದೆ. ಇಲ್ಲಿ ಊರುಗಳು ಹುಟ್ಟಿದಷ್ಟೇ ಸಹಜವಾಗಿ ಹಾಳಾಗಿವೆ.

ಕಂದಾಯ ದಾಖಲೆಗಳು ಜನವಸತಿಯಿಲ್ಲದ ಗ್ರಾಮವನ್ನು ‘ಬೇಚರಾಕ್’ ಎಂದು ಕರೆಯುತ್ತವೆ. ದೀಪವಿಲ್ಲದ ಊರು ಎಂಬುದು ಈ ಪಾರಸಿ ಪದದ ಮೂಲಾರ್ಥ. ಜನರ ಬಾಯಲ್ಲಿ ಅದು ‘ಹಾಳೂರು’. ಕೋಟೆಯ ದಿಬ್ಬ, ಭಗ್ನವಾದ ಗುಡಿ, ಹೊಲದ ಬದುವಿಗೆ ಸೇರಿದ ವೀರಗಲ್ಲು, ಅರಳಿಕಟ್ಟೆಗೆ ಒರಗಿಸಿದ ಮಾಸ್ತಿಕಲ್ಲು ಇವು ಹಾಳೂರಿನ ಸಾಮಾನ್ಯ ಲಕ್ಷಣಗಳು. ಇವುಗಳ ಜೊತೆಗೆ ಒಂದು ಕಥೆಯೂ ಇರುತ್ತದೆ. ಶ್ರೀರಾಮ ಬಂದು ತಂಗಿದ್ದು, ಪಾಂಡವರು ಒಂದೇ ರಾತ್ರಿಯಲ್ಲಿ ಗುಡಿ ಕಟ್ಟಿದ್ದು, ಮಾರಿಯ ಮುನಿಸಿನಿಂದ ಊರು ಬರಿದಾದದ್ದು, ಕೊಪ್ಪರಿಗೆ ಹೊನ್ನು ಕೆರೆಯಲ್ಲಿ ಮುಳುಗಿದ್ದು ಇಂತಹ ಆಶಯಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಇಂತಹ ಐತಿಹ್ಯಗಳನ್ನು ಚರಿತ್ರೆಯ ಬರವಣಿಗೆ ಬಹುಕಾಲ ಅಲಂಕಾರದ ಸಾಮಗ್ರಿಯಾಗಿ ಮಾತ್ರ ಬಳಸಿಕೊಂಡಿದೆ. ಶಾಸನವು ಆಧಾರ, ಐತಿಹ್ಯವು ಕಲ್ಪನೆ ಎಂಬ ವಿಭಜನೆ ಅದರ ಹಿಂದಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟ ೧೮೯೮ರಲ್ಲಿ ಪ್ರಕಟವಾಗಿ ಈ ಭಾಗದ ಶಾಸನಗಳು ವಿದ್ವಾಂಸರಿಗೆ ದೊರೆತವು. ಆ ಶಾಸನಗಳನ್ನೇ ಜಾನಪದ ದೃಷ್ಟಿಯಿಂದ ಓದಿದಾಗ ಮೇಲಿನ ವಿಭಜನೆ ನಿಲ್ಲುವುದಿಲ್ಲ. ಐತಿಹ್ಯವು ನಡೆದುದರ ದುರ್ಬಲ ವರದಿ ಎನ್ನುವುದಕ್ಕಿಂತ ಒಂದು ನೆಲದ ಮೇಲೆ ಒಂದು ಸಮುದಾಯ ಹೂಡುವ ಹಕ್ಕಿನ ಮಾತು ಎಂದು ಗ್ರಹಿಸುವುದು ಹೆಚ್ಚು ಸರಿ. ನಾಲ್ಕು ತಾಲ್ಲೂಕುಗಳ ಕೆಲವು ನೆಲೆಗಳ ಮೂಲಕ ಇದನ್ನು ಪರಿಶೀಲಿಸಬಹುದು.

೧. ಶಾಸನದೊಳಗಿನ ಐತಿಹ್ಯ

ಕೃಷ್ಣರಾಜನಗರ ತಾಲ್ಲೂಕಿನ ಚಿಕ್ಕಹನಸೋಗೆ ಇಂದು ಕಾವೇರಿ ದಂಡೆಯ ಒಂದು ಸಣ್ಣ ಗ್ರಾಮ. ಶಾಸನಗಳಲ್ಲಿ ಇದು ‘ಪನಸೋಗೆ’. ಹನ್ನೊಂದನೆಯ ಶತಮಾನದ ವೇಳೆಗೆ ಇದು ದೇಶೀಗಣ ಪುಸ್ತಕಗಚ್ಛದ ಜೈನಾಚಾರ್ಯರ ಪ್ರಮುಖ ಕೇಂದ್ರವಾಗಿತ್ತು. ತ್ರಿಕೂಟ ರಚನೆಯ ಆದಿನಾಥ ಬಸದಿ ಅಂದಿನ ವೈಭವದ ಕುರುಹಾಗಿ ಉಳಿದಿದೆ. ಇಲ್ಲಿನ ಶಾಸನಗಳು ಅರವತ್ತನಾಲ್ಕು ಬಸದಿಗಳನ್ನು ಹೇಳುತ್ತವೆ. ಅವುಗಳ ಮೂಲಕರ್ತೃ ಇಕ್ಷ್ವಾಕು ವಂಶದ ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತೆಯ ಪತಿಯಾದ ರಾಮ ಎನ್ನುತ್ತವೆ. ರಾಮನ ತರುವಾಯ ಶಕರು, ನಳರು, ವಿಕ್ರಮಾದಿತ್ಯ ಮತ್ತು ಗಂಗರು ಆ ಧರ್ಮವನ್ನು ನಡೆಸಿಕೊಂಡು ಬಂದರೆಂದೂ ರಾಜೇಂದ್ರಚೋಳ ನನ್ನಿಚಂಗಾಳ್ವನು ಬಸದಿಯನ್ನು ಮತ್ತೆ ಕಟ್ಟಿಸಿದನೆಂದೂ ಅವುಗಳಿಂದ ತಿಳಿದುಬರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚಂಗಾಳ್ವ ಅರಸನ ಕಾರ್ಯ ಚರಿತ್ರೆ, ರಾಮನ ಕಾರ್ಯ ಐತಿಹ್ಯ ಎಂದು ಇಂದಿನ ಓದುಗರು ಸುಲಭವಾಗಿ ಬೇರ್ಪಡಿಸುತ್ತಾರೆ. ಶಾಸನವನ್ನು ಬರೆಯಿಸಿದವರಿಗೆ ಅಂತಹ ಗೆರೆ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಬಸದಿಗಳ ಆಸ್ತಿ ಮತ್ತು ಅಧಿಕಾರಗಳಿಗೆ ಕಡಿಯದ ಪರಂಪರೆ. ದಾನದ ಮೊದಲ ಹೆಸರು ಎಷ್ಟು ಹಿರಿದೋ ದಾನವನ್ನು ಅಪಹರಿಸುವುದು ಅಷ್ಟು ಕಷ್ಟ. ಜೈನ ಪರಂಪರೆಯಲ್ಲಿ ರಾಮನು ಮೋಕ್ಷಗಾಮಿಯಾದ ಬಲಭದ್ರನೆಂಬುದನ್ನು ನೆನೆದರೆ ಈ ಹೇಳಿಕೆ ಆಶ್ಚರ್ಯವೆನಿಸುವುದಿಲ್ಲ. ಹೀಗೆ ಐತಿಹ್ಯವೊಂದು ಕಲ್ಲಿನ ಮೇಲೆ ದಸ್ತಾವೇಜಾಗಿ ನಿಂತಿತು.

ಇದೇ ಹೊಳೆಯ ದಂಡೆಯ ಚುಂಚನಕಟ್ಟೆಯಲ್ಲಿಯೂ ರಾಮನ ಕಥೆಯಿದೆ. ಆದರೆ ಅದರ ಸ್ವರೂಪ ಬೇರೆ. ವನವಾಸದ ರಾಮ, ಲಕ್ಷ್ಮಣ, ಸೀತೆಯರಿಗೆ ಚುಂಚ ಮತ್ತು ಚುಂಚಿ ಎಂಬ ಬೇಡ ದಂಪತಿಗಳು ಆಶ್ರಯ ನೀಡಿದರೆಂದು ಸ್ಥಳೀಯರು ಹೇಳುತ್ತಾರೆ. ಸೀತೆಯ ಸ್ನಾನಕ್ಕಾಗಿ ಲಕ್ಷ್ಮಣನು ಬಂಡೆಗೆ ಬಾಣ ಬಿಟ್ಟಾಗ ಎಣ್ಣೆ, ಸೀಗೆ, ಅರಿಸಿನಗಳ ಬಣ್ಣದ ನೀರು ಹರಿಯಿತೆಂಬುದು ಜಲಪಾತದ ಕಥೆ. ಕೋದಂಡರಾಮನ ಗುಡಿಯಲ್ಲಿ ಸೀತೆ ವಾಡಿಕೆಗೆ ಭಿನ್ನವಾಗಿ ರಾಮನ ಬಲಗಡೆಗೆ ನಿಂತಿದ್ದಾಳೆ. ಹೊರಗೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳುವುದಿಲ್ಲವೆಂಬುದಕ್ಕೂ ಒಂದು ಕಥೆಯಿದೆ.

ಪನಸೋಗೆಯ ಕಥೆಯೇ ಚುಂಚನಕಟ್ಟೆಗೆ ಬಂದಿತೆಂದು ಹೇಳಲು ಆಧಾರಗಳಿಲ್ಲ. ಈ ದಂಡೆಯಲ್ಲಿ ರಾಮನ ಹೆಸರಿನಿಂದ ನೆಲವನ್ನು ಗುರುತಿಸುವ ರೂಢಿ ಒಂಬೈನೂರು ವರ್ಷಗಳಿಗಿಂತಲೂ ಹಳೆಯದೆಂಬುದನ್ನು ಮಾತ್ರ ಶಾಸನ ಖಚಿತಪಡಿಸುತ್ತದೆ. ಎರಡು ಕಥೆಗಳಲ್ಲಿಯೂ ಹಕ್ಕಿನ ಮಾತಿದೆ. ಪನಸೋಗೆಯಲ್ಲಿ ಅದು ಆಚಾರ್ಯರ ಹಕ್ಕು. ಚುಂಚನಕಟ್ಟೆಯಲ್ಲಿ ಗುಡಿ ರಾಮನದಾದರೂ ಊರಿನ ಹೆಸರು ಚುಂಚನದು. ದೇವರಿಗೆ ಮೊದಲು ನೆಲೆ ಕೊಟ್ಟವನು ಕಾಡಿನವನು ಎಂಬ ನೆನಪನ್ನು ಸ್ಥಳನಾಮ ಉಳಿಸಿಕೊಂಡಿದೆ.

೨. ಸೋತವರ ನೆನಪು

ಚಂಗಾಳ್ವರು ಸುಮಾರು ಆರು ಶತಮಾನಗಳ ಕಾಲ ಈ ಭಾಗದಲ್ಲಿ ಸಾಮಂತರಾಗಿಯೂ ಸ್ವತಂತ್ರರಾಗಿಯೂ ಆಳಿದರು. ಯದುವಂಶದವರೆಂದು ಹೇಳಿಕೊಂಡ ಇವರು ಮೊದಲು ಜೈನರಿಗೆ ಆಶ್ರಯದಾತರಾಗಿದ್ದು, ಅನಂತರ ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನ ಭಕ್ತರಾದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಇವರ ಮಂತ್ರಿವಂಶಕ್ಕೆ ಸೇರಿದವನು. ಹದಿನಾರನೆಯ ಶತಮಾನದ ಆರಂಭದ ‘ಸಮ್ಯಕ್ತ್ವ ಕೌಮುದಿ’, ಪಾಕಶಾಸ್ತ್ರವನ್ನು ಕುರಿತ ‘ಸೂಪಶಾಸ್ತ್ರ’ ಮೊದಲಾದವು ಅವನ ಕೃತಿಗಳು. ಕಥೆಯೊಳಗೆ ಕಥೆ ಹೇಳುವ ಸಮ್ಯಕ್ತ್ವ ಕೌಮುದಿಯಂತಹ ಗ್ರಂಥ ಒಂದು ಹಳ್ಳಿಯ ಪ್ರಭುವಿನಿಂದ ರಚಿತವಾಯಿತೆಂಬುದು ಈ ಸೀಮೆಯ ಕಥನ ಪರಂಪರೆ ಎಷ್ಟು ಪುಷ್ಟವಾಗಿತ್ತೆಂಬುದನ್ನು ಸೂಚಿಸುತ್ತದೆ.

ಹಿಂದೆ ಸಿಂಗಪಟ್ಟಣವೆನಿಸಿದ್ದ ಊರು ಚಂಗಾಳ್ವ ಪಿರಿಯರಾಜನ ಹೆಸರಿನಿಂದ ಪಿರಿಯಾಪಟ್ಟಣವಾಯಿತು. ೧೬೪೪-೪೫ರಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡಿತು. ಗೆಲ್ಲುವ ಆಸೆ ಉಳಿಯದಾದಾಗ ಅರಸ ವೀರರಾಜನು ತನ್ನ ಮಡದಿ ಮಕ್ಕಳನ್ನು ತಾನೇ ಕೊಂದು, ಕೋಟೆಯನ್ನು ಕಾಯುತ್ತಲೇ ಮಡಿದನೆಂಬುದನ್ನು ರೈಸ್ ದಾಖಲಿಸಿದ್ದಾರೆ. ಗೆದ್ದ ಅರಸನ ಕೀರ್ತಿಗೆ ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ವಿದೆ. ವೀರರಾಜನ ಪಾಲಿಗೆ ಅಂತಹ ಆಸ್ಥಾನಕವಿ ಇರಲಿಲ್ಲ. ಅವನ ಕಥೆಯನ್ನು ಉಳಿಸಿದವರು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ ಜನಪದ ಗಾಯಕರು. ‘ಪಿರಿಯಾಪಟ್ಟಣದ ಕಾಳಗ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಥನ ಈ ಪತನವನ್ನೇ ವಸ್ತುವಾಗಿ ಉಳ್ಳದ್ದು. ಗೆದ್ದ ರಾಜ್ಯದ ಪ್ರಜೆಗಳೇ ಸೋತ ಅರಸನ ಕಥೆಯನ್ನು ಹಾಡಿಕೊಂಡು ಬಂದರೆಂಬುದು ಸಾಮಾನ್ಯ ಸಂಗತಿಯಲ್ಲ.

ಆದರೆ ಐತಿಹ್ಯವನ್ನು ಅವಶೇಷಕ್ಕೆ ನೇರವಾಗಿ ಹೊಂದಿಸುವಾಗ ಎಚ್ಚರ ಅಗತ್ಯ. ಇಂದು ಕಾಣುವ ಕೋಟೆಯ ಹಾಳು ಆ ಒಂದೇ ಕಾಳಗದ ಫಲವಲ್ಲ. ಟಿಪ್ಪುವಿನ ಕಾಲದಲ್ಲಿ ಕೊಡಗಿನ ದೊಡ್ಡವೀರರಾಜನನ್ನು ಈ ಕೋಟೆಯಲ್ಲಿ ಸೆರೆಯಿಟ್ಟಿದ್ದು, ಅವನು ೧೭೮೮ರಲ್ಲಿ ತಪ್ಪಿಸಿಕೊಂಡನು. ಮೂರನೆಯ ಮೈಸೂರು ಯುದ್ಧದಲ್ಲಿ ಅಬರ್‌ಕ್ರಾಂಬಿಯ ನೇತೃತ್ವದ ಮುಂಬಯಿ ಸೈನ್ಯ ಕೊಡಗಿನ ಮಾರ್ಗವಾಗಿ ಬಂದಾಗ ಟಿಪ್ಪು ಕೋಟೆಯ ಬಹುಭಾಗವನ್ನು ಕೆಡವಿಸಿದನು. ೧೭೯೯ರ ಮಾರ್ಚ್ ೬ರಂದು ಸಮೀಪದ ಸಿದ್ಧೇಶ್ವರದ ಬಳಿ ಇನ್ನೊಂದು ಕದನ ನಡೆಯಿತು. ಹೀಗೆ ಒಂದೇ ಗೋಡೆಯ ಮೇಲೆ ಹಲವು ಯುದ್ಧಗಳ ಗಾಯಗಳಿವೆ. ಜನಮನ ಅವುಗಳಲ್ಲಿ ವೀರರಾಜನ ಸಾವನ್ನು ಆರಿಸಿಕೊಂಡು ಹಾಡಾಗಿಸಿತು. ಏನು ಉಳಿಯಿತೆಂಬುದರಷ್ಟೇ ಏಕೆ ಅದೇ ಉಳಿಯಿತೆಂಬುದೂ ಸಂಶೋಧಕನ ಪ್ರಶ್ನೆಯಾಗಬೇಕು. ಕೋಟೆ ಹಾಳಾದ ಮೇಲೂ ಗ್ರಾಮದೇವತೆ ಮಸಣಿಕಮ್ಮನ ಪೂಜೆ, ಉತ್ಸವಗಳು ನಿಂತಿಲ್ಲ. ಅರಸು ಅಳಿದರೂ ದೇವತೆಯ ಮೂಲಕ ಊರು ತನ್ನ ಗುರುತನ್ನು ಕಾಯ್ದುಕೊಂಡಿದೆ.

ಅರಸರ ಸಾವು ಹಾಡಾದಂತೆ, ಚಿಕ್ಕ ಮನೆತನಗಳ ಸಾವು ಕಲ್ಲಾಗಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಕ್ರಿ.ಶ. ೧೦೫೭ರ ಶಾಸನ ಕನ್ನಡ ಸಾಹಿತ್ಯದಲ್ಲಿ ಹೆಸರಾದದ್ದು. ನುಗುನಾಡ ಪ್ರಭು ರವಿಗನ ಮಗಳಾದ ದೇಕಬ್ಬೆಯ ಗಂಡ ನವಿಲೆನಾಡಿನ ಏಚನು ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದ ಕಾರಣಕ್ಕೆ ಅರಸನ ಆಜ್ಞೆಯಂತೆ ಮರಣಕ್ಕೆ ಗುರಿಯಾದನು. ಹೆತ್ತವರು ತಡೆದರೂ ಕೇಳದೆ ದೇಕಬ್ಬೆ ಬೆಂಕಿಯನ್ನು ಹೊಕ್ಕಳು. ತಡೆಯುವ ಬಂಧುಗಳ ಮಾತನ್ನು, ಮಗಳ ಹಠವನ್ನು ಕಲ್ಲಿನ ಮೇಲೆ ಬರೆಯಿಸಿದುದರಿಂದ ಈ ಶಾಸನ ಮಹಾಸತಿಯ ಮಹಿಮೆಗಿಂತ ಹೆಚ್ಚಾಗಿ ಒಂದು ಮನೆಯ ದುಃಖವನ್ನು ಹೇಳುತ್ತದೆ.

ಇಂತಹ ಬರಹವಿರುವ ಮಾಸ್ತಿಕಲ್ಲುಗಳು ವಿರಳ. ಹೆಚ್ಚಿನವುಗಳಲ್ಲಿರುವುದು ಎತ್ತಿದ ಕೈ, ಬಳೆ, ಮೇಲೆ ಸೂರ್ಯಚಂದ್ರರು ಮಾತ್ರ. ಹೆಸರಿಲ್ಲದ ಹೆಂಗಸು ಕಾಲಕ್ರಮದಲ್ಲಿ ಮಾಸ್ತಮ್ಮನಾಗಿ, ಒಕ್ಕಲಿನ ಮನೆದೇವರಾಗಿ, ಮಕ್ಕಳ ಕಾಯಿಲೆಗೆ ಹರಕೆ ಹೊರುವ ಶಕ್ತಿಯಾಗಿ ಮಾರ್ಪಡುತ್ತಾಳೆ. ಬೆಳತೂರಿನ ಶಾಸನವನ್ನು ಎದುರಿಗಿಟ್ಟುಕೊಂಡು ನೋಡಿದರೆ, ಅಂತಹ ಪ್ರತಿಯೊಂದು ಕಲ್ಲಿನ ಹಿಂದೆಯೂ ಒಬ್ಬ ದೇಕಬ್ಬೆ ಇದ್ದಿರಬೇಕು ಎಂಬುದು ಮನವರಿಕೆಯಾಗುತ್ತದೆ. ಪೂಜೆ ಕಲ್ಲನ್ನು ಉಳಿಸಿತು, ಹೆಸರನ್ನು ಉಳಿಸಲಿಲ್ಲ.

೩. ನೀರಿಗೆ ಸಂದ ನೆಲ

ಅವಶೇಷವೇ ಕಣ್ಮರೆಯಾದರೆ ಐತಿಹ್ಯದ ಗತಿಯೇನು ಎಂಬ ಪ್ರಶ್ನೆಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು ಉತ್ತಮ ನಿದರ್ಶನ. ಪುನ್ನಾಟ ರಾಜ್ಯದ ರಾಜಧಾನಿಯಾದ ಕಿತ್ತಿಪುರ ಅಥವಾ ಕೀರ್ತಿಪುರವೇ ಕಪಿಲಾ ತೀರದ ಈ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ವೈಡೂರ್ಯಕ್ಕೆ ಹೆಸರಾದ ‘ಪೌನ್ನಾಟ’ವನ್ನು ಉಲ್ಲೇಖಿಸಿದ್ದಾನೆ. ಗಂಗರ ಅವಿನೀತನು ಪುನ್ನಾಟದ ರಾಜಕುಮಾರಿಯನ್ನು ವಿವಾಹವಾದನು. ದುರ್ವಿನೀತ ಅವರ ಮಗ. ಆ ಬಳಿಕ ಪುನ್ನಾಟ ಗಂಗರಾಜ್ಯದಲ್ಲಿ ಸೇರಿಹೋಯಿತು.

ರಾಜ್ಯ ಅಳಿದರೂ ಹೆಸರು ದೂರ ಹೋಯಿತು. ಕ್ರಿ.ಶ. ೭೮೩ರಲ್ಲಿ ಪಶ್ಚಿಮ ಭಾರತದ ವರ್ಧಮಾನಪುರದಲ್ಲಿ ಸಂಸ್ಕೃತ ‘ಹರಿವಂಶಪುರಾಣ’ವನ್ನು ರಚಿಸಿದ ಜಿನಸೇನ ಪುನ್ನಾಟ ಸಂಘದ ಮುನಿ. ಅದೇ ಸಂಘದ ಹರಿಷೇಣನು ೯೩೧-೩೨ರ ‘ಬೃಹತ್ಕಥಾಕೋಶ’ದಲ್ಲಿ ಭದ್ರಬಾಹುವಿನ ಕಥೆಯನ್ನು ಹೇಳುವಾಗ, ಕ್ಷಾಮಕ್ಕೆ ಅಂಜಿದ ಮುನಿಸಂಘ ದಕ್ಷಿಣಾಪಥದ ಪುನ್ನಾಟಕ್ಕೆ ಬಂದಿತೆನ್ನುತ್ತಾನೆ. ಶ್ರವಣಬೆಳಗೊಳದ ಪ್ರಸಿದ್ಧ ಐತಿಹ್ಯಕ್ಕೆ ಸಮಾನಾಂತರವಾದ ಈ ಕಥೆಯಲ್ಲಿ ಊರನ್ನು ಬಿಟ್ಟುಹೋದವರು ತಮ್ಮ ಮೂಲದ ನೆಲಕ್ಕೆ ಗೌರವ ತಂದುಕೊಂಡಂತಿದೆ. ವಲಸೆ ಹೋದ ಸಮುದಾಯಗಳು ತವರನ್ನು ಕಥೆಯಲ್ಲಿ ಹೊತ್ತೊಯ್ಯುವ ಪರಿ ಇದು.

೧೯೭೪ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಕಿತ್ತೂರಿನ ಹಳೆಯ ನೆಲವೂ ಸೇರಿ ಕಣಿವೆಯ ಅನೇಕ ಗ್ರಾಮಗಳು ಜಲಾಶಯದ ಪಾಲಾದವು. ಆನೆಯ ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ಭಾಗವೂ ನೀರಿಗೆ ಸೇರಿತು. ಅಲ್ಲಿನ ಕೊನೆಯ ಖೆಡ್ಡಾ ೧೯೭೧ರಲ್ಲಿ ನಡೆದಿತ್ತು. ತಾಲ್ಲೂಕು ಕೇಂದ್ರದ ಹೆಸರಿನಲ್ಲಿ ಹೆಗ್ಗಡೆಯ ಕೋಟೆಯಿದ್ದರೆ, ಈ ಹೆಸರಿನಲ್ಲಿ ಕಾಡುಕುರುಬರ ನಾಯಕ ಕಾಕನ ಕೋಟೆಯಿದೆ. ಕಾಕನ ಕಥೆಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಕಾಕನಕೋಟೆ’ ನಾಟಕದ ವಸ್ತುವಾಗಿಸಿಕೊಂಡರು. ರಣಧೀರ ಕಂಠೀರವರ ಕಾಲದಲ್ಲಿ ಹೆಗ್ಗಡೆಯ ದಬ್ಬಾಳಿಕೆಗೆ ಎದುರಾಗಿ ನಿಂತ ಕಾಡಿನ ಜನರ ಕಥೆ ಅದು. ಪಿರಿಯಾಪಟ್ಟಣದ ಕಥನದಲ್ಲಿ ಕೋಟೆ ಮುರಿಯಲು ಬಂದ ಅರಸನೇ ಇಲ್ಲಿ ನ್ಯಾಯ ನೀಡುವ ಅರಸ. ಒಬ್ಬನೇ ವ್ಯಕ್ತಿಯನ್ನು ಎರಡು ನೆರೆಯ ತಾಲ್ಲೂಕುಗಳು ಭಿನ್ನವಾಗಿ ನೆನೆಯುವುದು ಐತಿಹ್ಯದ ದೋಷವಲ್ಲ. ಯಾರ ನೆಲದಿಂದ ನೋಡಲಾಗಿದೆ ಎಂಬುದರ ಗುರುತು.

ನೀರು ಊರನ್ನು ಎತ್ತಿ ಬೇರೆಡೆ ಇಟ್ಟುದಕ್ಕೆ ಕೃಷ್ಣರಾಜನಗರವೇ ಸಾಕ್ಷಿ. ಕಾವೇರಿ ಎಡಕ್ಕೆ ಹೊರಳುವುದರಿಂದ ಎಡತೊರೆ ಎಂಬ ಹೆಸರು ಪಡೆದ ಹಳೆಯ ಪಟ್ಟಣ ೧೯೨೪ರ ಮಹಾಪೂರದಲ್ಲಿ ಹಾನಿಗೊಳಗಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ನೆಲದಲ್ಲಿ ಹೊಸ ಪಟ್ಟಣ ನಿರ್ಮಾಣವಾಗಿ ಅವರ ಹೆಸರನ್ನೇ ಪಡೆಯಿತು. ಹೊಳೆಯ ದಂಡೆಯ ಅರ್ಕೇಶ್ವರ ಹಳೆಯ ನೆಲದಲ್ಲಿಯೇ ಉಳಿದನು. ಜನ ಮೇಲೆ ಹೋದರೂ ದೇವರು ಕೆಳಗೆ ನಿಂತುದರಿಂದ ಎಡತೊರೆ ಪೂರ್ಣವಾಗಿ ಹಾಳೂರಾಗಲಿಲ್ಲ. ಕಬಿನಿಯ ಮುಳುಗಡೆಯಲ್ಲಿ ಜನ ಮತ್ತು ನೆಲದ ನಡುವೆ ಇಂತಹ ಕೊಂಡಿ ಎಷ್ಟರಮಟ್ಟಿಗೆ ಉಳಿದಿದೆಯೆಂಬುದು ಅಧ್ಯಯನಕ್ಕೆ ಅರ್ಹವಾದ ವಿಷಯ. ೧೯೫೫ರಲ್ಲಿ ವನ್ಯಧಾಮವಾಗಿ, ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ನಾಗರಹೊಳೆ ಅರಣ್ಯದಿಂದ ಹೊರಬಂದ ಜೇನುಕುರುಬ, ಕಾಡುಕುರುಬ, ಯರವ ಸಮುದಾಯಗಳ ವಿಷಯದಲ್ಲಿಯೂ ಇದೇ ಪ್ರಶ್ನೆಯಿದೆ. ಅವರ ದೈವದ ನೆಲೆಗಳಿಗೆ ಶಾಸನವಿಲ್ಲ, ಗೋಪುರವಿಲ್ಲ. ಒಂದು ಮರ, ಒಂದು ಕಲ್ಲು ಮತ್ತು ಅದನ್ನು ತೋರಿಸಿ ಹೇಳುವ ಹಿರಿಯರು ಮಾತ್ರ ಇದ್ದಾರೆ.

೪. ಅಂಜಿಕೆ, ಆಸೆ ಮತ್ತು ಅವಶೇಷದ ರಕ್ಷಣೆ

ಹಾಳೂರಿನ ಐತಿಹ್ಯಗಳಲ್ಲಿ ಪರಸ್ಪರ ವಿರುದ್ಧವಾದ ಎರಡು ಶಕ್ತಿಗಳಿವೆ. ಒಂದು ಅಂಜಿಕೆ. ಹುತ್ತವೆದ್ದ ಗುಡಿಯನ್ನು ಸರ್ಪ ಕಾಯುತ್ತದೆ, ಹಾಳೂರಿನ ಕಲ್ಲನ್ನು ಮನೆಗೆ ತಂದರೆ ವಂಶ ನಿಲ್ಲುವುದಿಲ್ಲ ಎಂಬ ನಂಬಿಕೆಗಳು ಅನೇಕ ಅವಶೇಷಗಳನ್ನು ನೇಗಿಲಿನಿಂದಲೂ ಗಾರೆಯವರ ಕೈಯಿಂದಲೂ ಕಾಪಾಡಿವೆ. ಇನ್ನೊಂದು ಆಸೆ. ಕಾಯುವ ಸರ್ಪವಿದೆಯೆಂದರೆ ಕಾಯಬೇಕಾದ ನಿಧಿಯೂ ಇದೆ. ಕೊಪ್ಪರಿಗೆಯ ಕಥೆಯನ್ನು ನಂಬಿ ಗರ್ಭಗುಡಿಯ ಪೀಠವನ್ನು ಅಗೆಯುವವರು ಕರ್ನಾಟಕದ ಉದ್ದಗಲಕ್ಕೂ ಇದ್ದಾರೆ. ಪ್ರಾಚೀನ ಸ್ಮಾರಕಗಳನ್ನು ಕುರಿತ ರಾಜ್ಯದ ೧೯೬೧ರ ಅಧಿನಿಯಮ, ನಿಧಿಯನ್ನು ಕುರಿತ ೧೯೬೨ರ ಅಧಿನಿಯಮಗಳಿದ್ದರೂ ಸಂರಕ್ಷಿತ ಪಟ್ಟಿಗೆ ಸೇರದ ಸಾವಿರಾರು ಕಲ್ಲುಗಳಿಗೆ ಊರವರ ಅಂಜಿಕೆಯೇ ಕಾವಲು. ಅಂಜಿಕೆ ಕಳೆದು ಆಸೆ ಮಾತ್ರ ಉಳಿದಾಗ ಅವಶೇಷ ನಾಶವಾಗುತ್ತದೆ. ಆದ್ದರಿಂದ ಇಂತಹ ನಂಬಿಕೆಗಳನ್ನು ಮೌಢ್ಯವೆಂದು ತಳ್ಳಿಹಾಕುವ ಮೊದಲು ಅವು ನಿರ್ವಹಿಸಿದ ಕಾರ್ಯವನ್ನು ಅರಿಯಬೇಕು. ಅದರ ಸ್ಥಾನದಲ್ಲಿ ಊರಿನ ಅರಿವನ್ನು ನಿಲ್ಲಿಸಬೇಕು.

ಈ ವಿಷಯದಲ್ಲಿ ಐರ್ಲೆಂಡಿನ ಅನುಭವ ಉಪಯುಕ್ತ. ಅಲ್ಲಿನ ಹೊಲಗಳ ನಡುವೆ ಉಳಿದಿರುವ ವರ್ತುಲಾಕಾರದ ಪ್ರಾಚೀನ ಮಣ್ಣುಕೋಟೆಗಳು ಯಕ್ಷಿಣಿಯರ ನೆಲೆಯೆಂಬ ಭಯದಿಂದ ರೈತರು ಅವುಗಳನ್ನು ಉಳಲು ಹಿಂಜರಿದರು. ಅದರಿಂದ ಅವು ಬಹುಸಂಖ್ಯೆಯಲ್ಲಿ ಉಳಿದವು. ೧೯೩೫ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗ ೧೯೩೭-೩೯ರಲ್ಲಿ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಮಕ್ಕಳಿಂದ ಅವರವರ ಊರಿನ ಹಾಳುಕೋಟೆ, ಬಾವಿ, ನಿಧಿ, ಸ್ಥಳನಾಮಗಳ ಕಥೆಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿಸಿತು. ಊರಿನ ನೆನಪು ಊರಿನ ಮಕ್ಕಳ ಕೈಬರಹದಲ್ಲಿಯೇ ದಾಖಲಾಯಿತೆಂಬುದು ಆ ಯೋಜನೆಯ ವಿಶೇಷ.

ಕರ್ನಾಟಕದಲ್ಲಿ ಜನಪದ ಕಾವ್ಯಗಳ ಸಂಗ್ರಹ ಕಾರ್ಯ ಸಾಕಷ್ಟು ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಶಾಸನ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತಂದಿದೆ. ಆದರೆ ಶಾಸನವು ಒಂದು ಗ್ರಂಥದಲ್ಲಿ, ಕಥೆ ಇನ್ನೊಂದು ಗ್ರಂಥದಲ್ಲಿ, ಕಲ್ಲು ಮಾತ್ರ ಹೊಲದಲ್ಲಿ ಎಂಬ ಸ್ಥಿತಿ ಮುಂದುವರಿದಿದೆ. ಶಾಸನ, ಐತಿಹ್ಯ, ಸ್ಥಳನಾಮ ಮತ್ತು ಆಚರಣೆಗಳನ್ನು ನೆಲೆಯೊಂದನ್ನು ಘಟಕವಾಗಿರಿಸಿಕೊಂಡು ಒಟ್ಟಿಗೆ ದಾಖಲಿಸುವ ಕೆಲಸ ತಾಲ್ಲೂಕು ಮಟ್ಟದಲ್ಲಿ ಆಗಬೇಕಾಗಿದೆ. ಕಥೆ ಹೇಳಿದವರು ಯಾರು, ಆ ನೆಲದೊಡನೆ ಅವರ ಸಂಬಂಧವೇನು, ಅದೇ ಊರಿನ ಇನ್ನೊಂದು ಕೇರಿ ಅದನ್ನು ಹೇಗೆ ಹೇಳುತ್ತದೆ ಎಂಬ ವಿವರಗಳು ಅದರಲ್ಲಿ ಸೇರಬೇಕು. ಕಬಿನಿಯ ಮುಳುಗಡೆಗೆ ಮೊದಲು ಆ ಕಣಿವೆಯಲ್ಲಿ ಬದುಕಿದವರಲ್ಲಿ ಇಂದು ಉಳಿದಿರುವವರು ಹಿರಿಯ ವಯಸ್ಸಿನವರು. ಕಿತ್ತೂರಿನ ಯಾವ ಕಲ್ಲು ಎಲ್ಲಿ ನಿಂತಿತ್ತು, ಅದಕ್ಕೆ ಯಾವ ಒಕ್ಕಲಿನವರು ಎಡೆಯಿಡುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅವರೇ. ಈ ಕಾರ್ಯವನ್ನು ಅವರಿಂದಲೇ ಆರಂಭಿಸುವುದು ಯುಕ್ತ.